ಸಾಫ್ಟ್ ಟಾಪ್ ಥಾರ್‌ಗೆ ವಿಎಚ್‌ಎಫ್ ಆಂಟೆನಾ: ಎಲ್ಲಿ ಕೂರಿಸುವುದು, ಅರ್ತ್ ಹೇಗೆ ಕೊಡುವುದು?

ಹೇಮಾವತಿ_ದಡ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗಾಡಿ 2021ರ ಥಾರ್, ಡೀಸೆಲ್, ಸಾಫ್ಟ್ ಟಾಪ್. 50 ವ್ಯಾಟಿನ ಡ್ಯುಯಲ್ ಬ್ಯಾಂಡ್ ಮೊಬೈಲ್ ರಿಗ್ (ಗಾಡಿಯಲ್ಲಿ ಕೂರಿಸುವ ಹ್ಯಾಮ್ ರೇಡಿಯೋ ಸೆಟ್) ಇದೆ, 145 (ವಿಎಚ್‌ಎಫ್) ಮತ್ತು 435 (ಯುಎಚ್‌ಎಫ್) ಮೆಗಾಹರ್ಟ್ಜ್ ಎರಡೂ ಬೇಕು. ಓಡಾಟ ಹೆಚ್ಚಾಗಿ ಸಕಲೇಶಪುರ, ಮೂಡಿಗೆರೆ, ಬಿಸಿಲೆ ಕಡೆ: ಎಸ್ಟೇಟ್ ದಾರಿ, ಹಳ್ಳ ದಾಟುವುದು, ಎರಡೂ ಕಡೆಯಿಂದ ಕೊಂಬೆ ಬಡಿಯುವ ಜಾಗಗಳು.

ಕೈಯಲ್ಲಿರುವುದು ಮ್ಯಾಗ್ನೆಟ್ ಮೌಂಟ್, ಅದರ ಮೇಲೆ 5/8 ವೇವ್ (ತರಂಗದ ಉದ್ದದ 5/8 ಪಾಲು) ಕಡ್ಡಿ. ಛಾವಣಿ ಬಟ್ಟೆಯದಾದ್ದರಿಂದ ಅಲ್ಲಿ ನಿಲ್ಲುವುದಿಲ್ಲ. ಬಾನೆಟ್ ಮೇಲಿಟ್ಟರೆ ಪೇಂಟ್ ಗೀರುತ್ತದೆ, ಕೊಂಬೆ ತಾಗಿದರೆ ಜಾರುತ್ತದೆ. ಹಾಗಾಗಿ ಖಾಯಂ ಮೌಂಟ್ ಮಾಡಿಸಬೇಕು. ಸ್ಟೆಪ್ನಿ ಬ್ರಾಕೆಟ್ ಸರಿಯೇ, ಬಾನೆಟ್ ಪಕ್ಕ ಸರಿಯೇ, ಅಥವಾ ಕ್ಯಾರಿಯರ್ ಹಾಕಿಸಿ ಅದರ ಮೇಲೆ ಕೂರಿಸಬೇಕೇ? ಕಡ್ಡಿ ಯಾವುದು? ರಿಗ್‌ಗೆ ಕರೆಂಟ್ ಎಲ್ಲಿಂದ ಎಳೆಯುವುದು? ಬಾಡಿಗೆ ಹೊಸ ತೂತು ಕೊರೆಯಲು ಮನಸ್ಸಿಲ್ಲ.

ತಾಮ್ರದ_ಎಳೆ

ಕಡ್ಡಿ ಎನ್ನುವುದು ಆಂಟೆನಾದ ಅರ್ಧ ಮಾತ್ರ. ಉಳಿದರ್ಧ ಅದರ ಬುಡದಲ್ಲಿ ಹರಡಿರುವ ಲೋಹ. 145 ಮೆಗಾಹರ್ಟ್ಜ್‌ಗೆ ಕ್ವಾರ್ಟರ್ ವೇವ್ ಎಂದರೆ ಸುಮಾರು 49 ಸೆಂ.ಮೀ. ಕಡ್ಡಿ. ಅದರ ಬುಡದಿಂದ ಎಲ್ಲ ದಿಕ್ಕಿಗೂ ಹೆಚ್ಚೂಕಡಿಮೆ ಅಷ್ಟೇ ದೂರ ಲೋಹ ಇರಬೇಕು. ಜಿಮ್ನಿಯಂಥ ಟಿನ್ ಛಾವಣಿಯ ಗಾಡಿಗೆ ಇದು ಪುಕ್ಕಟೆ ಸಿಗುತ್ತದೆ, ನಿಮ್ಮದಕ್ಕೆ ಸಿಗುವುದಿಲ್ಲ. ಹಾರ್ಡ್ ಟಾಪ್ ಇರುವವರೂ ಒಂದು ಮ್ಯಾಗ್ನೆಟ್ ಹಿಡಿದು ನೋಡಿ. ಅಂಟದಿದ್ದರೆ ಅದು ಫೈಬರ್, ರೇಡಿಯೋ ಮಟ್ಟಿಗೆ ಬಟ್ಟೆಗೂ ಅದಕ್ಕೂ ವ್ಯತ್ಯಾಸವಿಲ್ಲ.

ನಿಮ್ಮ ಬಳಿ ಇರುವ 5/8 ಕಡ್ಡಿ ಈ ಗಾಡಿಗೆ ಎಲ್ಲಕ್ಕಿಂತ ಹೊಂದದ ಆಯ್ಕೆ. ಕ್ವಾರ್ಟರ್ ವೇವ್‌ಗಿಂತಲೂ ದೊಡ್ಡ ಗ್ರೌಂಡ್ ಪ್ಲೇನ್ (ಬುಡದ ಲೋಹದ ಹರವು) ಸಿಕ್ಕಾಗ ಮಾತ್ರ ಅದರ ಗೇನ್ (ಸಿಗ್ನಲನ್ನು ದಿಗಂತದ ಕಡೆಗೆ ಹೆಚ್ಚು ಒತ್ತುವ ಗುಣ) ಕೈಗೆ ಬರುತ್ತದೆ. ಸಾಫ್ಟ್ ಟಾಪ್‌ಗೆ ಹಾಫ್ ವೇವ್ ತೆಗೆದುಕೊಳ್ಳಿ. ಅಂಗಡಿಯಲ್ಲಿ ನೋ-ಗ್ರೌಂಡ್ ಟೈಪ್ ಅನ್ನುತ್ತಾರೆ, ಡೈಮಂಡ್ ಎನ್‌ಆರ್770 ಆ ಜಾತಿಯದು. ಉದ್ದ ಸುಮಾರು 1 ಮೀಟರ್. ಹಾಫ್ ವೇವ್ ಕಡ್ಡಿಯ ಬುಡದಲ್ಲಿ ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ಅಡ್ಡಿ) ಬಹಳ ಹೆಚ್ಚು, ಕರೆಂಟ್ ಬಹಳ ಕಡಿಮೆ, ಅದಕ್ಕೇ ಕೆಳಗಿನ ಲೋಹದ ಮೇಲೆ ಅದರ ಅವಲಂಬನೆಯೂ ಕಡಿಮೆ. ಕಡಿಮೆ ಎಂದರೆ ಸೊನ್ನೆಯಲ್ಲ, ಅರ್ತ್ ಮಾಡದೆ ಬಿಡಬೇಡಿ.

ಸ್ಟೆಪ್ನಿ ಬ್ರಾಕೆಟ್ ಬೇಡ ಎನ್ನುತ್ತೇನೆ. ಸ್ಟೆಪ್ನಿ ಇರುವುದು ಹಿಂಬಾಗಿಲ ಮೇಲೆ. ಬಾಗಿಲಿಗೂ ಬಾಡಿಗೂ ನಡುವೆ ಗ್ರೀಸ್ ತುಂಬಿದ ಹಿಂಜ್, ಅದು ನಂಬುವಂಥ ಅರ್ತ್ ಅಲ್ಲ. ಪ್ರತಿ ಸಲ ಬಾಗಿಲು ತೆರೆದಾಗ ಕೇಬಲ್ ಒಂದೇ ಜಾಗದಲ್ಲಿ ಮಡಚಿ, ಒಳಗಿನ ಜಾಲರಿಯ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ. ಕಡ್ಡಿಯ ಕೆಳಭಾಗ ರೋಲ್ ಕೇಜ್ ಪೈಪಿಗೆ ತೀರ ಹತ್ತಿರ ಸಮಾನಾಂತರವಾಗಿ ನಿಲ್ಲುವುದರಿಂದ ಸಿಗ್ನಲ್ ಎಲ್ಲ ದಿಕ್ಕಿಗೂ ಒಂದೇ ಸಮನೆ ಹೋಗುವುದಿಲ್ಲ. ಜೊತೆಗೆ ಗಾಡಿಯ ಲೋಹವೆಲ್ಲ ಒಂದೇ ಕಡೆ ಇರುತ್ತದಲ್ಲ, ಹಿಂದೆ ಕೂರಿಸಿದ ಆಂಟೆನಾ ಮುಂದಕ್ಕೆ ಹೆಚ್ಚು, ಹಿಂದಕ್ಕೆ ಕಡಿಮೆ ಕೆಲಸ ಮಾಡುತ್ತದೆ.

ಬಾನೆಟ್‌ನ ಹಿಂದಿನ ಮೂಲೆ ಸರಿಯಾದ ಜಾಗ. ಅಲ್ಲಿ ಹಿಂಜ್ ಅಥವಾ ಫೆಂಡರ್‌ನ ಬೋಲ್ಟ್ ಆಗಲೇ ಇರುವುದರಿಂದ ಹೊಸ ತೂತು ಬೇಕಿಲ್ಲ. ಫ್ಯಾಬ್ರಿಕೇಶನ್ ಅಂಗಡಿಯಲ್ಲಿ 3 ಮಿ.ಮೀ. ದಪ್ಪ, 40 ಮಿ.ಮೀ. ಅಗಲದ ಎಸ್‌ಎಸ್ 304 ಪಟ್ಟಿಯಿಂದ ಎಲ್ ಆಕಾರದ ಬ್ರಾಕೆಟ್ ಮಾಡಿಸಿ. ಒಂದು ತೋಳಿಗೆ ಗಾಡಿಯ ಬೋಲ್ಟಿನ ಅಳತೆಯ ತೂತು. ಇನ್ನೊಂದಕ್ಕೆ ಮೌಂಟಿನ ತೂತು: ಎಸ್‌ಒ-239 ಬುಡವಾದರೆ 16 ಮಿ.ಮೀ., ಎನ್‌ಎಂಒ ಆದರೆ 19 ಮಿ.ಮೀ. 2 ಮಿ.ಮೀ. ತಗಡು ಸಾಕು ಎಂದು ಅಂಗಡಿಯವರು ಹೇಳಬಹುದು, ಒಪ್ಪಬೇಡಿ. 1 ಮೀಟರ್ ಕಡ್ಡಿ ಕಲ್ಲುದಾರಿಯಲ್ಲಿ ದಿನವಿಡೀ ಅಲುಗಿದರೆ ತೆಳು ತಗಡು ಮಡಿಕೆಯ ಜಾಗದಲ್ಲೇ ಬಿರುಕು ಬಿಡುತ್ತದೆ. ಬಾನೆಟ್ ತೆರೆದಾಗ ಬ್ರಾಕೆಟ್ಟಿಗೆ ತಾಗುವುದೇ ಎಂದು ರಟ್ಟಿನಲ್ಲಿ ಅದೇ ಅಳತೆಯ ಅಚ್ಚು ಕತ್ತರಿಸಿ ಮೊದಲೇ ನೋಡಿಕೊಳ್ಳಿ.

ಕೂರಿಸುವಾಗ ಬೋಲ್ಟಿನ ಸುತ್ತ 20 ಮಿ.ಮೀ. ವ್ಯಾಸದಷ್ಟು ಪೇಂಟನ್ನು ಎಮರಿ ಪೇಪರಿನಿಂದ ಉಜ್ಜಿ ಹೊಳೆಯುವ ಲೋಹ ಕಾಣಿಸಿ. ಹಲ್ಲಿರುವ ಸ್ಟಾರ್ ವಾಷರ್ ಹಾಕಿ ಬಿಗಿಯಿರಿ. ಬಿಗಿದ ಮೇಲೆ ಸುತ್ತ ಜಿಂಕ್ ಸ್ಪ್ರೇ, ಅದರ ಮೇಲೆ ಟಚ್‌ಅಪ್ ಪೇಂಟ್. ಮಲೆನಾಡಿನ ಮಳೆಗೆ ಉಜ್ಜಿದ ಜಾಗವನ್ನು ಹಾಗೇ ಬಿಟ್ಟರೆ ಒಂದೇ ಮಳೆಗಾಲದಲ್ಲಿ ತುಕ್ಕು ಪೇಂಟಿನಡಿ ಹಬ್ಬುತ್ತದೆ. ಆಮೇಲೆ ಮಲ್ಟಿಮೀಟರ್‌ನ ಒಂದು ತುದಿ ಬ್ರಾಕೆಟ್ಟಿಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿಯಿರಿ. ಮೀಟರ್ ವೈರುಗಳದ್ದೇ ರೆಸಿಸ್ಟೆನ್ಸ್ ಕಳೆದು ಅರ್ಧ ಓಮ್‌ಗಿಂತ ಕಡಿಮೆ ಬರಬೇಕು.

ಮೀಟರ್ ಸೊನ್ನೆ ತೋರಿಸಿತೆಂದು ಅಲ್ಲಿಗೇ ನಿಲ್ಲುವುದು ತಪ್ಪು. 30 ಸೆಂ.ಮೀ. ತೆಳು ವೈರ್‌ಗೆ ಸುಮಾರು 0.3 ಮೈಕ್ರೋಹೆನ್ರಿ ಇಂಡಕ್ಟೆನ್ಸ್ ಇರುತ್ತದೆ. ಬ್ಯಾಟರಿ ಕರೆಂಟಿಗೆ ಅದು ತಂತಿ, 145 ಮೆಗಾಹರ್ಟ್ಜ್‌ಗೆ 270 ಓಮ್‌ನಷ್ಟು ಅಡ್ಡಿ. ಆದ್ದರಿಂದ ಬ್ರಾಕೆಟ್‌ನಿಂದ ಬಾಡಿಗೆ, ಬಾಡಿಯಿಂದ ಬಾನೆಟ್‌ಗೆ ಹಾಕುವ ಅರ್ತ್ ಪಟ್ಟಿ ಅಗಲವಾಗಿ, ಗಿಡ್ಡವಾಗಿ ಇರಲಿ: ತವರ ಲೇಪದ ತಾಮ್ರದ ಹೆಣೆದ ಪಟ್ಟಿ, 15ರಿಂದ 25 ಮಿ.ಮೀ. ಅಗಲ, ಉದ್ದ 10 ಸೆಂ.ಮೀ. ಮೀರದಂತೆ. ಬಾನೆಟ್‌ನ ಎರಡೂ ಹಿಂಜ್ ಬಳಿ ಒಂದೊಂದು ಹಾಕಿ. ಬಾನೆಟ್ ತೆರೆಯಲು ಬೇಕಾದಷ್ಟು ಸಡಿಲ ಬಿಡಿ, ಅದಕ್ಕಿಂತ ಹೆಚ್ಚು ಬೇಡ.

ಕಾಡುದಾರಿ

ಮೇಲಿನದನ್ನು ಒಪ್ಪುತ್ತೇನೆ, ಕ್ಯಾರಿಯರ್ ಬಗ್ಗೆ ಮಾತ್ರ ಸ್ವಲ್ಪ ಸೇರಿಸಬೇಕು. ಎತ್ತರ ಸಿಗುವುದು ಅಲ್ಲೇ. 1 ಮೀಟರ್ ಉದ್ದಗಲದ ಅಲ್ಯೂಮಿನಿಯಂ ಶೀಟ್ ಅಥವಾ ಒತ್ತಾದ ಲೋಹದ ಜಾಲರಿ ಬಿಗಿದು ನಡುವೆ ಕ್ವಾರ್ಟರ್ ವೇವ್ ನಿಲ್ಲಿಸಿದರೆ ರೇಡಿಯೋ ಲೆಕ್ಕದಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಈ ಗಾಡಿಯಲ್ಲಿ ಇಲ್ಲ. ಶೀಟ್ ಬೇಡವೆಂದರೆ ಬುಡದಿಂದ ನಾಲ್ಕು ದಿಕ್ಕಿಗೆ 52 ಸೆಂ.ಮೀ.ನ ನಾಲ್ಕು ಸಲಾಕೆಗಳೂ ಸಾಕು. ಪೌಡರ್ ಕೋಟ್ ಆದ ಪೈಪಿಗೆ ಕ್ಲಾಂಪ್ ಹಾಕಿ ಅದೇ ಗ್ರೌಂಡ್ ಅಂದುಕೊಳ್ಳುವುದು ಬೇಡ, ಕೋಟಿಂಗ್ ಕರೆಂಟ್ ಬಿಡುವುದಿಲ್ಲ.

ನೀವು ಹೇಳಿದ ದಾರಿಗಳಿಗೆ ಹೋಗುವವರಿಗೆ ಮಾತ್ರ ಇದನ್ನು ಹೇಳಲಾರೆ. ಗಾಡಿಯ ಎತ್ತರವೇ ಸುಮಾರು 1.85 ಮೀಟರ್. ಅದರ ಮೇಲೆ ಕ್ಯಾರಿಯರ್, ಅದರ ಮೇಲೆ ಅರ್ಧ ಮೀಟರ್ ಕಡ್ಡಿ. ಕಾಫಿ ತೋಟದ ದಾರಿಯಲ್ಲಿ ನೆರಳುಮರದ ಕೊಂಬೆ ಸರಿಯಾಗಿ ಆ ಎತ್ತರಕ್ಕೇ ಇಳಿಬಿದ್ದಿರುತ್ತದೆ. ಬಿದಿರು ಇನ್ನೂ ಕೆಟ್ಟದ್ದು, ಬಾಗಿ ಬಂದು ಕಡ್ಡಿಯನ್ನು ಹಿಡಿದು ಎಳೆಯುತ್ತದೆ. ಬಯಲುಸೀಮೆಯಲ್ಲಿ ಓಡುವವರು ಕ್ಯಾರಿಯರ್ ಮೇಲೆ ಹಾಕಿ, ನೀವು ಬಾನೆಟ್ ಮೂಲೆಗೇ ಹಾಕಿ.

ಎಡಮೂಲೆಯೋ ಬಲಮೂಲೆಯೋ ಎಂದರೆ ಬಲ. ನಾವು ರಸ್ತೆಯ ಎಡಕ್ಕೆ ಓಡಿಸುವುದರಿಂದ ಬೇಲಿ, ಲಂಟಾನ, ಕೊಂಬೆ ಎಲ್ಲ ಎಡಗಡೆಗೇ ಹೆಚ್ಚು ಬಡಿಯುತ್ತವೆ. ಬಲಕ್ಕಿದ್ದರೆ ಡ್ರೈವರ್ ಕಣ್ಣಿಗೂ ಬೀಳುತ್ತದೆ, ಏನಾದರೂ ಸಿಕ್ಕಿಕೊಂಡರೆ ತಕ್ಷಣ ಗೊತ್ತಾಗುತ್ತದೆ. ಕಡ್ಡಿಯ ಬುಡದಲ್ಲಿ ಮಡಚುವ ಕೀಲು ಇರಲಿ. ಸ್ಪ್ರಿಂಗ್ ಹಾಕಿದರೆ ಗಟ್ಟಿ ಸ್ಪ್ರಿಂಗ್ ಹಾಕಿ, ಒಳಗೆ ತಾಮ್ರದ ಹೆಣೆದ ಪಟ್ಟಿ ಇರುವುದನ್ನೇ ಆರಿಸಿ. ಪಟ್ಟಿ ಇಲ್ಲದ ಸ್ಪ್ರಿಂಗ್‌ನ ಸುತ್ತುಗಳು ಗಾಡಿ ಕುಲುಕಿದಾಗ ಒಂದಕ್ಕೊಂದು ತಾಗಿ ಬಿಟ್ಟು, ಸಿಗ್ನಲ್ ಕರಕರ ಅನ್ನುತ್ತದೆ. ತೀರ ಇಕ್ಕಟ್ಟಿನ ಕಡೆ ಕಡ್ಡಿಯನ್ನು ಹಿಂದಕ್ಕೆ ಬಾಗಿಸಿ ನೈಲಾನ್ ದಾರದಿಂದ ರೋಲ್ ಕೇಜ್‌ಗೆ ಕಟ್ಟಿ. ಕಟ್ಟಿರುವಾಗ ಟ್ರಾನ್ಸ್‌ಮಿಟ್ ಮಾಡಲೇಬೇಕಾದರೆ 5 ವ್ಯಾಟ್ ಸಾಕು.

ಘಟ್ಟದ ಕಣಿವೆಗಳಲ್ಲಿ ಹೆಚ್ಚು ಗೇನ್ ಎಂದು ಬರೆದಿರುವ ಉದ್ದ ಕಡ್ಡಿಯ ಹಿಂದೆ ಹೋಗಬೇಡಿ. ಗೇನ್ ಎಂದರೆ ಶಕ್ತಿಯನ್ನು ದಿಗಂತದ ಕಡೆಗೆ ಒತ್ತುವುದು. ಸುತ್ತ ಗುಡ್ಡವೇ ಇದ್ದಾಗ ಆ ಶಕ್ತಿ ಮಣ್ಣಿಗೆ ಹೋಗುತ್ತದೆ, ತಲೆಯ ಮೇಲಿನ ಶಿಖರದಲ್ಲಿರುವ ರಿಪೀಟರ್‌ಗೆ (ಸಿಗ್ನಲ್ ಹಿಡಿದು ಮತ್ತೆ ದೂರಕ್ಕೆ ಬಿಡುವ ಕೇಂದ್ರ) ಹೋಗುವುದಿಲ್ಲ. ಕ್ವಾರ್ಟರ್ ಮತ್ತು ಹಾಫ್ ವೇವ್ ಮೇಲ್ಮುಖವಾಗಿಯೂ ಸಾಕಷ್ಟು ಬಿಡುತ್ತವೆ. ಅದೇ 49 ಸೆಂ.ಮೀ. ಕಡ್ಡಿ 435ರಲ್ಲಿ ಮುಕ್ಕಾಲು ವೇವ್ ಆಗಿ ಕೆಲಸ ಮಾಡುತ್ತದೆ. ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಎಷ್ಟು ಶಕ್ತಿ ವಾಪಸು ಬರುತ್ತದೆ ಎಂದು ತೋರಿಸುವ ಅಳತೆ, 1ಕ್ಕೆ ಹತ್ತಿರವಾದಷ್ಟೂ ಒಳ್ಳೆಯದು) ಚೆನ್ನಾಗಿ ಬರುತ್ತದೆ, ಆದರೆ ಅಲ್ಲಿ ಸಿಗ್ನಲ್ ಬಹಳಷ್ಟು ಮೇಲಕ್ಕೆ ಏಳುತ್ತದೆ. 435ರಲ್ಲಿ ಬಯಲು ದೂರ ಮುಖ್ಯವಾದವರು ಅದನ್ನು ಲೆಕ್ಕಕ್ಕೆ ಹಿಡಿಯಿರಿ.

ನೀರಿನ ವಿಷಯ: ಈ ಗಾಡಿಗೆ ಕಂಪನಿ ಹೇಳುವ ನೀರಿನ ಆಳ 650 ಮಿ.ಮೀ. ಕೇಬಲ್‌ನ ಯಾವ ಜೋಡಣೆಯೂ ಆ ಮಟ್ಟಕ್ಕಿಂತ ಕೆಳಗೆ ಬೇಡ. ಪಿಎಲ್-259 ಕನೆಕ್ಟರ್ ನೀರು ತಡೆಯುವಂಥದ್ದಲ್ಲ. ಸೆಲ್ಫ್ ಅಮಾಲ್ಗಮೇಟಿಂಗ್ ಟೇಪನ್ನು ಎಳೆದು ಹಿಗ್ಗಿಸಿ, ಅರ್ಧರ್ಧ ಒಂದರ ಮೇಲೊಂದು ಬರುವಂತೆ ಕೆಳಗಿನಿಂದ ಮೇಲಕ್ಕೆ ಸುತ್ತಿ, ಮೇಲೆ ಪಿವಿಸಿ ಟೇಪ್ ಹಾಕಿ. ಮೇಲಿನಿಂದ ಕೆಳಕ್ಕೆ ಸುತ್ತಿದರೆ ಪ್ರತಿ ಪದರದ ಅಂಚೂ ನೀರು ಹಿಡಿಯುವ ಬಟ್ಟಲಾಗುತ್ತದೆ. ಕೇಬಲ್ ಫೈರ್‌ವಾಲ್ (ಇಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆ) ಹೊಗುವ ಮುಂಚೆ ಅದನ್ನು ಒಮ್ಮೆ ಕೆಳಕ್ಕೆ ಇಳಿಸಿ ಮೇಲೆತ್ತಿ, ಹನಿ ಅಲ್ಲೇ ತೊಟ್ಟಿಕ್ಕಿ ಹೋಗಲಿ.

ಹದಿಮೂರು_ಎಂಟು

ಕರೆಂಟ್ ವಿಷಯಕ್ಕೆ ಉತ್ತರ. 12 ವೋಲ್ಟ್ ಸಾಕೆಟ್‌ನಿಂದ ಎಳೆಯಲೇಬೇಡಿ. 50 ವ್ಯಾಟಿನ ರಿಗ್ ಟ್ರಾನ್ಸ್‌ಮಿಟ್‌ನಲ್ಲಿ 10ರಿಂದ 12 ಆಂಪಿಯರ್ ಎಳೆಯುತ್ತದೆ. ಸಾಕೆಟ್‌ನ ವೈರ್, ಅದರ ಸ್ಪ್ರಿಂಗ್ ಸಂಪರ್ಕ ಎರಡೂ ಅದಕ್ಕೆ ಮಾಡಿದ್ದಲ್ಲ. ಪ್ಲಗ್ ಕಾದು ಮೆತ್ತಗಾಗುತ್ತದೆ, ಅದಕ್ಕೂ ಮೊದಲೇ ವೋಲ್ಟೇಜ್ ಬಿದ್ದು ನಿಮ್ಮ ಧ್ವನಿ ಒಡೆಯುತ್ತದೆ.

ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ 4 ಮೀಟರ್, ಹೋಗಿಬರುವ ದಾರಿ 8 ಮೀಟರ್ ಎಂದು ಹಿಡಿಯೋಣ. 12 ಆಂಪಿಯರ್‌ಗೆ 2.5 ಚದರ ಮಿ.ಮೀ. ವೈರ್‌ನಲ್ಲಿ 0.66 ವೋಲ್ಟ್ ಬೀಳುತ್ತದೆ, 4ರಲ್ಲಿ 0.41, 6ರಲ್ಲಿ 0.28. 6 ಹಾಕಿ. ಮನೆ ವೈರಿಂಗ್‌ನ ಗಟ್ಟಿ ತಂತಿ ಬೇಡ, ಬಹು ಎಳೆಗಳ ವೈರನ್ನೇ ತನ್ನಿ. ಪಾಸಿಟಿವ್‌ಗೆ ಬ್ಯಾಟರಿಯಿಂದ 15–20 ಸೆಂ.ಮೀ. ಒಳಗೆ 20 ಆಂಪಿಯರ್ ಫ್ಯೂಸ್. ಈ ಫ್ಯೂಸ್ ಕಾಯುವುದು ರಿಗ್ಗನ್ನಲ್ಲ, ವೈರನ್ನು. ಫೈರ್‌ವಾಲ್ ತಗಡಿಗೆ ಉಜ್ಜಿ ವೈರ್ ಶಾರ್ಟ್ ಆದರೆ ಬೆಂಕಿ ಹತ್ತದಂತೆ ತಡೆಯುವುದು ಇದೊಂದೇ. ರಿಗ್‌ನ ಜೊತೆ ಬಂದ ಫ್ಯೂಸ್ ಅದರ ಜಾಗದಲ್ಲೇ ಇರಲಿ.

ನೆಗೆಟಿವ್ ಕ್ಲಾಂಪ್ ಮೇಲೆ ವೈರ್ ಹೊರಟಿರುವ ಸಣ್ಣ ಪೆಟ್ಟಿಗೆಯಂಥ ಸೆನ್ಸರ್ ಇದೆಯೇ ನೋಡಿ. ಇದ್ದರೆ ರಿಗ್‌ನ ನೆಗೆಟಿವ್ ಅನ್ನು ಬ್ಯಾಟರಿ ಕಂಬಕ್ಕೆ ಹಾಕಬಾರದು, ಬ್ಯಾಟರಿಯ ಅರ್ತ್ ಕೇಬಲ್ ಬಾಡಿಗೆ ಬೋಲ್ಟ್ ಆಗಿರುವ ಜಾಗಕ್ಕೆ ಹಾಕಬೇಕು. ಕಂಬಕ್ಕೇ ಹಾಕಿದರೆ ರಿಗ್ ಎಳೆಯುವ ಕರೆಂಟ್ ಸೆನ್ಸರ್ ಲೆಕ್ಕಕ್ಕೆ ಬರುವುದಿಲ್ಲ, ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ.

ವೈರ್ ಫೈರ್‌ವಾಲ್ ದಾಟುವ ಕಡೆ ರಬ್ಬರ್ ಗ್ರೋಮೆಟ್ ಕಡ್ಡಾಯ. ಪವರ್ ವೈರನ್ನೂ ಆಂಟೆನಾ ಕೇಬಲ್ಲನ್ನೂ ಇಂಜಿನ್ ಕಂಪ್ಯೂಟರ್‌ನ ವೈರ್ ಕಟ್ಟಿನ ಜೊತೆ ಸೇರಿಸಿ ಟೈ ಮಾಡಬೇಡಿ. ಹಳದಿ ಕೊಳವೆ ಅಥವಾ ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದರ ಹತ್ತಿರವೂ ಹೋಗಬೇಡಿ.

ಹೇಮಾವತಿ_ದಡ

ತುಂಬ ಉಪಕಾರವಾಯಿತು. 3 ಮಿ.ಮೀ. ಬ್ರಾಕೆಟ್ ಬಲಮೂಲೆಗೆ ಬಿಗಿದಾಯಿತು. ಹಾಫ್ ವೇವ್ ಇನ್ನೂ ಬಂದಿಲ್ಲ. ಸದ್ಯಕ್ಕೆ 51.5 ಸೆಂ.ಮೀ. ಕ್ವಾರ್ಟರ್ ವೇವ್ ಕಡ್ಡಿ, 5 ಮೀಟರ್ ಆರ್‌ಜಿ-58 ಕೇಬಲ್ ಹಾಕಿ ನ್ಯಾನೋವಿಎನ್‌ಎಯಲ್ಲಿ (ಆಂಟೆನಾ ಅಳೆಯುವ ಸಣ್ಣ ಮೀಟರ್) ಅಳೆದ ಫಲಿತಾಂಶ: 145ರಲ್ಲಿ ಎಸ್‌ಡಬ್ಲ್ಯೂಆರ್ 2.6, ಕನಿಷ್ಠ ಕಾಣುವುದು 139ರಲ್ಲಿ. ಬಾನೆಟ್ ತೆರೆದರೆ ಬೇರೆ ಸಂಖ್ಯೆ, ಮುಚ್ಚಿದರೆ ಬೇರೆ. ಕೇಬಲ್ ಕೈಯಲ್ಲಿ ಹಿಡಿದರೂ ಗೆರೆ ಅಲುಗುತ್ತದೆ. ಬಾನೆಟ್ ಅರ್ತ್ ಪಟ್ಟಿ ಇನ್ನೂ ಹಾಕಿಲ್ಲ. ಈಗಲೇ ಕಡ್ಡಿ ಕತ್ತರಿಸಬಹುದೇ?

ತಾಮ್ರದ_ಎಳೆ

ಈಗ ಕತ್ತರಿಸಬೇಡಿ. ಕೇಬಲ್ ಮುಟ್ಟಿದಾಗ ಗೆರೆ ಅಲುಗಿತೆಂದರೆ ಕೇಬಲ್‌ನ ಹೊರಜಾಲರಿಯೇ ಆಂಟೆನಾದ ಭಾಗವಾಗಿದೆ. ಬುಡದಲ್ಲಿ ಸಿಗಬೇಕಾದ ಲೋಹ ಸಿಗದೆ, ಕರೆಂಟ್ ಕೇಬಲ್‌ನ ಹೊರಮೈ ಹಿಡಿದು ಗಾಡಿಯೊಳಗೆ ಹೋಗುತ್ತಿದೆ. ಇದೇ ಸ್ಥಿತಿಯಲ್ಲಿ 50 ವ್ಯಾಟ್ ಬಿಟ್ಟರೆ ಮೈಕ್ ಹಿಡಿದ ಕೈಗೆ ಚುರುಕು ಮುಟ್ಟಬಹುದು, ಮ್ಯೂಸಿಕ್ ಸಿಸ್ಟಮ್ ಗೊರಗೊರ ಅನ್ನಬಹುದು, ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆ ದೀಪ ಹತ್ತಬಹುದು.

ಮೊದಲು ಎರಡೂ ಹಿಂಜ್‌ಗಳ ಬಳಿ ಅರ್ತ್ ಪಟ್ಟಿ ಹಾಕಿ. ಆಮೇಲೆ ಮೌಂಟಿನ ಕೆಳಗೆ, ಕೇಬಲ್ ಹೊರಡುವಲ್ಲೇ, ಕ್ಲಿಪ್ ಫೆರೈಟ್ (ಕೇಬಲ್‌ನ ಹೊರಮೈ ಕರೆಂಟ್ ತಡೆಯುವ ಉಂಗುರ) ಮೂರು ನಾಲ್ಕು ಒತ್ತಾಗಿ ಕೂರಿಸಿ. 43 ಮಿಕ್ಸ್ (ಫೆರೈಟ್‌ನ ಒಂದು ಬಗೆ) ಸಿಕ್ಕರೆ ಒಳ್ಳೆಯದು. ರಿಗ್ ಹತ್ತಿರ ಹಾಕುವುದರಿಂದ ಅಷ್ಟು ಪ್ರಯೋಜನವಿಲ್ಲ, ತಡೆಯಬೇಕಾದ್ದು ಬುಡದಲ್ಲಿ. ಬಾನೆಟ್ ಮುಚ್ಚಿ, ಬಾಗಿಲು ಮುಚ್ಚಿ, ಮರ, ಗೋಡೆ, ತಗಡಿನ ಶೆಡ್ಡಿನಿಂದ 5 ಮೀಟರ್ ಆಚೆ ನಿಲ್ಲಿಸಿ ಮತ್ತೆ ಅಳೆಯಿರಿ. ಕೇಬಲ್ ಮುಟ್ಟಿದರೂ ಗೆರೆ ಕದಲದಿದ್ದರೆ ಮಾತ್ರ ಕತ್ತರಿ ಎತ್ತಿಕೊಳ್ಳಿ.

ಲೆಕ್ಕ ಸುಲಭ: ಈಗಿನ ಉದ್ದವನ್ನು ಕನಿಷ್ಠ ಕಂಡ ಆವರ್ತನದಿಂದ ಗುಣಿಸಿ, ಬೇಕಾದ ಆವರ್ತನದಿಂದ ಭಾಗಿಸಿ. ಆಗಲೂ ಕನಿಷ್ಠ 139ರಲ್ಲೇ ಉಳಿದರೆ 51.5 × 139 ÷ 145 = 49.4 ಸೆಂ.ಮೀ., ಅಂದರೆ 21 ಮಿ.ಮೀ. ತೆಗೆಯಬೇಕು. ಒಮ್ಮೆಗೇ ತೆಗೆಯದೆ 15 ತೆಗೆದು ಅಳೆಯಿರಿ, ಆಮೇಲೆ 2–3 ಮಿ.ಮೀ.ನಂತೆ. ಈ ಉದ್ದದಲ್ಲಿ 3.4 ಮಿ.ಮೀ.ಗೆ ಸುಮಾರು 1 ಮೆಗಾಹರ್ಟ್ಜ್ ಸರಿಯುತ್ತದೆ. ತುದಿಯನ್ನು ಅರದಿಂದ ದುಂಡಗೆ ಮಾಡಿ ರಬ್ಬರ್ ಟೋಪಿ ಹಾಕಿ, ಬಾನೆಟ್ ಎತ್ತರದ ಕಡ್ಡಿಯ ತುದಿ ಕಣ್ಣಿನ ಮಟ್ಟಕ್ಕೇ ಬರುತ್ತದೆ. 1.5ರ ಒಳಗೆ ಬಂದರೆ ಸಾಕು. 2.0 ಇದ್ದಾಗಲೂ ವಾಪಸು ಬರುವುದು 11 ಶೇಕಡ ಮಾತ್ರ, 3.0 ಆದರೆ 25 ಶೇಕಡ.

5 ಮೀಟರ್ ಆರ್‌ಜಿ-58 145ರಲ್ಲಿ ಸುಮಾರು 1 ಡಿಬಿ (ಡೆಸಿಬೆಲ್) ತಿನ್ನುತ್ತದೆ, 50 ವ್ಯಾಟ್‌ನಲ್ಲಿ 40 ಆಂಟೆನಾಗೆ ಮುಟ್ಟುತ್ತದೆ. 435ರಲ್ಲಿ ಹತ್ತಿರ ಹತ್ತಿರ 2 ಡಿಬಿ, ಮುಟ್ಟುವುದು 32 ವ್ಯಾಟ್. ಈ ನಷ್ಟ ಮೀಟರನ್ನೂ ಮೋಸ ಮಾಡುತ್ತದೆ. ಆಂಟೆನಾದಲ್ಲಿ ನಿಜವಾಗಿ 3.0 ಇದ್ದರೂ 2 ಡಿಬಿ ತಿನ್ನುವ ಕೇಬಲ್‌ನ ಈ ತುದಿಯಲ್ಲಿ ನಿಂತು ಅಳೆದರೆ 1.9 ಕಾಣುತ್ತದೆ. ಆದ್ದರಿಂದ 435ನ್ನು ಮೌಂಟಿನ ಬುಡದಲ್ಲೇ ಗಿಡ್ಡ ಕೇಬಲ್ ಹಾಕಿ ಅಳೆಯಿರಿ. ಬಾನೆಟ್‌ನಿಂದ ಡ್ಯಾಶ್‌ಗೆ 5 ಮೀಟರ್ ಬೇಕೇ ಇಲ್ಲ, 2.5ರಿಂದ 3 ಸಾಕು. ಉಳಿದದ್ದನ್ನು ಸುರುಳಿ ಸುತ್ತಿ ಸೀಟಿನಡಿ ತುರುಕುವ ಬದಲು ಕತ್ತರಿಸಿ ಹೊಸ ಕನೆಕ್ಟರ್ ಬೆಸೆಯಿರಿ. ತಿರುವು 5 ಸೆಂ.ಮೀ. ತ್ರಿಜ್ಯಕ್ಕಿಂತ ಬಿಗಿಯಾಗದಿರಲಿ.

ಬಯಲು_ಗಾಳಿ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಇದೇ ಬ್ರಾಕೆಟ್ ಮೇಲೆ 40 ಮೀಟರ್ ಬ್ಯಾಂಡಿನ (7 ಮೆಗಾಹರ್ಟ್ಜ್ ಸುತ್ತಿನ) ಎಚ್‌ಎಫ್ ಕಡ್ಡಿ ನಿಲ್ಲಿಸಬಹುದೇ? 2 ಮೀಟರ್ ಉದ್ದದ್ದು ಸಿಗುತ್ತಿದೆ.

ಕಾಡುದಾರಿ

ನಿಲ್ಲಿಸಬಹುದು, ಫಲ ತೀರ ಕಡಿಮೆ. 7.1 ಮೆಗಾಹರ್ಟ್ಜ್‌ಗೆ ಕ್ವಾರ್ಟರ್ ವೇವ್ ಎಂದರೆ 10 ಮೀಟರ್. 2 ಮೀಟರ್ ಕಡ್ಡಿಯ ರೇಡಿಯೇಶನ್ ರೆಸಿಸ್ಟೆನ್ಸ್ (ಶಕ್ತಿ ಗಾಳಿಗೆ ಹೋಗುವ ಪಾಲು) ಸುಮಾರು 1 ಓಮ್. ಕಾಯಿಲ್ ಮತ್ತು ಗ್ರೌಂಡ್ ನಷ್ಟ ಸೇರಿ 10 ಓಮ್ ದಾಟುವುದು ಸಾಮಾನ್ಯ. 100 ವ್ಯಾಟ್ ಕೊಟ್ಟರೆ 10 ವ್ಯಾಟ್ ಕೂಡ ಗಾಳಿಗೆ ಹೋಗುವುದಿಲ್ಲ. ಆ ಕಡ್ಡಿಯ ತೂಕಕ್ಕೆ ಈ ಬ್ರಾಕೆಟ್ಟೂ ಸಾಲದು. ಓಡುವಾಗ ವಿಎಚ್‌ಎಫ್ ಇಟ್ಟುಕೊಳ್ಳಿ. ಕ್ಯಾಂಪಿನಲ್ಲಿ 20 ಮೀಟರ್ ವೈರನ್ನು ಮರಕ್ಕೆ ಓರೆಯಾಗಿ ಎಳೆದು 49:1 ಟ್ರಾನ್ಸ್‌ಫಾರ್ಮರ್ (ವೈರ್‌ನ ಇಂಪೀಡೆನ್ಸನ್ನು ರಿಗ್‌ಗೆ ಹೊಂದಿಸುವಂಥದ್ದು) ಮೂಲಕ ಕೊಡಿ, ಗಾಡಿಯ ಯಾವ ಎಚ್‌ಎಫ್ ಕಡ್ಡಿಯೂ ಅದರ ಹತ್ತಿರ ಬರಲಾರದು.

ಹದಿಮೂರು_ಎಂಟು

ಹೇಮಾವತಿ_ದಡ ಅವರೇ, ಇನ್ನೆರಡು ವಿಷಯ ಬಿಟ್ಟುಹೋಗಿತ್ತು.

ಎಲ್‌ಇಡಿ ಲೈಟ್ ಬಾರ್ ಹಾಕಿಸಿದ್ದರೆ ಅದನ್ನು ಹೊತ್ತಿಸಿ 145ರಲ್ಲಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚುವ ವ್ಯವಸ್ಥೆ) ತೆರೆದು ಕೇಳಿ. ಅಗ್ಗದ ಬಾರ್‌ನೊಳಗಿನ ಡ್ರೈವರ್ ಸರ್ಕ್ಯೂಟ್, ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್, ಈ ಮೂರರ ಗದ್ದಲಕ್ಕೆ ಸಣ್ಣ ಸಿಗ್ನಲ್‌ಗಳು ಮುಚ್ಚಿಹೋಗುತ್ತವೆ. ಇಂಜಿನ್ ಆರಿಸಿ ಒಂದೊಂದರ ಫ್ಯೂಸ್ ಕಿತ್ತು ನೋಡಿದರೆ ಕಳ್ಳ ಸಿಗುತ್ತಾನೆ. ಅದರ ಪವರ್ ವೈರ್ ಮೇಲೆ, ಆ ಸಾಧನಕ್ಕೆ ತೀರ ಹತ್ತಿರ, 31 ಮಿಕ್ಸ್ ಫೆರೈಟ್‌ಗೆ ವೈರನ್ನು ಮೂರು ಸುತ್ತು ಹಾಕಿ. ಇಂಜಿನ್ ವೇಗದ ಜೊತೆ ಏರಿಳಿಯುವ ಸಿಳ್ಳೆ ಬೇರೆ, ಅದು ಆಲ್ಟರ್ನೇಟರ್‌ನದು, ಹೆಚ್ಚಾಗಿ ಸಡಿಲ ಅರ್ತ್‌ನಿಂದ.

ಎರಡನೆಯದು ಜನರ ಸುರಕ್ಷತೆ. ಟಿನ್ ಛಾವಣಿಯಿದ್ದರೆ ಅದು ಆಂಟೆನಾ ಮತ್ತು ತಲೆಯ ನಡುವೆ ಅಡ್ಡ ನಿಲ್ಲುತ್ತದೆ. ನಿಮ್ಮಲ್ಲಿ ಅದಿಲ್ಲ, ಆಂಟೆನಾ ಮುಂದಿನ ಸೀಟಿನವರಿಂದ ಒಂದು ಮೀಟರ್ ಚಿಲ್ಲರೆ ದೂರದಲ್ಲಿದೆ. ಸಾರ್ವಜನಿಕರಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಮಿತಿಯಾದ ಚದರ ಮೀಟರಿಗೆ 2 ವ್ಯಾಟ್ ಹಿಡಿದು ಲೆಕ್ಕ ಹಾಕಿದರೆ, 50 ವ್ಯಾಟ್ ಎಡೆಬಿಡದೆ ಬಿಡುವಾಗ 1.8 ಮೀಟರ್ ದೂರ ಬೇಕು, 10 ವ್ಯಾಟ್‌ಗೆ 0.8 ಮೀಟರ್ ಸಾಕು. ಜನ ಕೂತಿರುವಾಗ 10 ವ್ಯಾಟ್‌ನಲ್ಲೇ ಮಾತಾಡಿ, ಗಾಡಿಯಿಂದಾಚೆ ಆಂಟೆನಾ ಪಕ್ಕ ಯಾರಾದರೂ ನಿಂತಿದ್ದರೆ ಪಿಟಿಟಿ (ಮಾತಾಡಲು ಒತ್ತುವ ಮೈಕಿನ ಗುಂಡಿ) ಒತ್ತಬೇಡಿ. 50 ವ್ಯಾಟ್ ಕಣಿವೆಯಲ್ಲಿ ರಿಪೀಟರ್ ಸಿಗದಿದ್ದಾಗಿನ ಚಿಕ್ಕ ಮಾತಿಗೆ ಇರಲಿ.

ಹೇಮಾವತಿ_ದಡ

ಎರಡು ಅರ್ತ್ ಪಟ್ಟಿ, ನಾಲ್ಕು ಫೆರೈಟ್ ಹಾಕಿ ಅಳೆದೆ. ಕಡ್ಡಿ ಮುಟ್ಟದೆಯೇ ಕನಿಷ್ಠ 139ರಿಂದ 140.5ಕ್ಕೆ ಬಂತು, ಕೇಬಲ್ ಹಿಡಿದರೆ ಗೆರೆ ಈಗ ಅಲುಗುವುದಿಲ್ಲ. ಲೆಕ್ಕದಂತೆ 49.9ಕ್ಕೆ ಇಳಿಸಬೇಕಿತ್ತು. 10 ಮಿ.ಮೀ. ತೆಗೆದು, ಆಮೇಲೆ 3, ಮತ್ತೆ 3. ಈಗ 145ರಲ್ಲಿ 1.3. ಕೇಬಲ್ಲನ್ನು 2.8 ಮೀಟರ್‌ಗೆ ಕತ್ತರಿಸಿ ಕನೆಕ್ಟರ್ ಬೆಸೆದಿದೆ. ಹಾಫ್ ವೇವ್ ಬಂದ ಮೇಲೆ ಇದೇ ಬುಡದಲ್ಲಿ ಎರಡನ್ನೂ ಅಳೆದು ಸಂಖ್ಯೆ ಹಾಕುತ್ತೇನೆ.